ತಿಂಗಳಿಗೆ 3 ರೂಪಾಯಿ: ಕಾಡು ಬೇಕು ಎನ್ನುವವರು ಸೆಸ್ ಬೇಡ ಎನ್ನುವುದೇಕೆ?

2024ರ ನವೆಂಬರ್‌ನಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ ತಮ್ಮ ಇಲಾಖೆಗೆ ಒಂದು ಸೂಚನೆ ಕೊಟ್ಟರು. ಪಶ್ಚಿಮ ಘಟ್ಟದಲ್ಲಿ ಹುಟ್ಟುವ ನದಿಗಳಿಂದ ನೀರು ಪಡೆಯುವ ಪಟ್ಟಣ, ನಗರಗಳಲ್ಲಿ ನೀರಿನ ಬಿಲ್ ಜೊತೆ ತಿಂಗಳಿಗೆ 2 ಅಥವಾ 3 ರೂಪಾಯಿ ಹಸಿರು ಸೆಸ್ ವಸೂಲಿ ಮಾಡಬಹುದು, ಅದಕ್ಕೆ ಪ್ರಸ್ತಾವ ತಯಾರಿಸಿ ಎಂದರು. ಬಂದ ಹಣವನ್ನು ಒಂದು ನಿಧಿಯಲ್ಲಿಡುವುದು. ಅದರಿಂದ ಘಟ್ಟದ ಕಾಡು ಕಾಯುವುದು, ಆನೆ ತಡೆಯಲು ರೈಲ್ವೆ ಕಂಬಿಯ ಬೇಲಿ ಹಾಕುವುದು, ಮಾರಲು ಒಪ್ಪುವ ರೈತರಿಂದ ಜಮೀನು ಕೊಳ್ಳುವುದು. ಇದು ಯೋಚನೆ. ಸುದ್ದಿ ಬಂದ ಕೂಡಲೇ ವಿರೋಧವೂ ಬಂತು. ಜನರ ಮೇಲೆ ಇನ್ನೊಂದು ಹೊರೆ ಎಂದು ವಿರೋಧ ಪಕ್ಷದವರು ಹರಿಹಾಯ್ದರು.

ಮೈಸೂರಿಗೆ ಇದು ನೇರವಾಗಿ ಸಂಬಂಧಿಸಿದ ಮಾತು. ಊರಿನ ಕುಡಿಯುವ ನೀರು ಬರುವುದು ಕಾವೇರಿ ಮತ್ತು ಕಬಿನಿಯಿಂದ. ಒಂದು ಕೊಡಗಿನ ಬೆಟ್ಟದಲ್ಲಿ ಹುಟ್ಟುತ್ತದೆ, ಇನ್ನೊಂದು ವಯನಾಡಿನ ಬೆಟ್ಟದಲ್ಲಿ. ಆ ಬೆಟ್ಟಗಳ ಕಾಡು ಹೋದರೆ ನಲ್ಲಿಯಲ್ಲಿ ಬರುವ ನೀರಿಗೂ ಕುತ್ತು ಎಂಬುದು ಮೈಸೂರಿನವರಿಗೆ ಗೊತ್ತಿಲ್ಲದ ವಿಷಯವೇನಲ್ಲ. 2025ರ ಏಪ್ರಿಲ್‌ನಲ್ಲಿ ಹೈದರಾಲಿ ರಸ್ತೆ ಅಗಲ ಮಾಡಲು 40 ಮರ ಕಡಿದಾಗ ಊರಿನ ಜನ ಬೀದಿಗಿಳಿದು ಪ್ರತಿಭಟಿಸಿದರು. ಹಸಿರಿನ ಬಗ್ಗೆ ಕಾಳಜಿ ಇದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಕಾ?

ಹಾಗಿದ್ದರೆ ಸೆಸ್ ಎಂದ ಕೂಡಲೇ ಮುಖ ಗಂಟಾಗುವುದೇಕೆ? ಕಾಡು ಉಳಿಸಲು ಹಣ ಕೊಡುತ್ತೀರಾ ಎಂದು ಸುಮ್ನೆ ಕೇಳಿದರೆ ಬಹಳ ಜನ ಹೌದು ಎನ್ನುತ್ತಾರೆ. ಬಿಲ್‌ನಲ್ಲಿ ಸೇರಿಸುತ್ತೇವೆ ಎಂದರೆ ಅದೇ ಜನ ಬೇಡ ಎನ್ನುತ್ತಾರೆ. ಇವೆರಡರಲ್ಲಿ ಯಾವುದು ಅವರ ನಿಜವಾದ ಮನಸ್ಸು?

ಅರ್ಥಶಾಸ್ತ್ರಜ್ಞರು ಮತ್ತು ಮನಃಶಾಸ್ತ್ರಜ್ಞರು ಮೂವತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಇದೇ ಪ್ರಶ್ನೆಯ ಮೇಲೆ ಜಗಳವಾಡುತ್ತಿದ್ದಾರೆ. ಆ ಜಗಳದಿಂದ ಒಂದು ವಿಷಯ ಮಾತ್ರ ಚೆನ್ನಾಗಿ ತಿಳಿದುಬಂದಿದೆ. ಕಾಡು, ಕೆರೆ, ಹಕ್ಕಿಗಳಂಥವಕ್ಕೆ ಜನರ ತಲೆಯಲ್ಲಿ ಮೊದಲೇ ಬೆಲೆಪಟ್ಟಿ ಇರುವುದಿಲ್ಲ. ಕೇಳಿದಾಗ ಅಲ್ಲೇ ಒಂದು ಉತ್ತರ ಕಟ್ಟಿಕೊಳ್ಳುತ್ತಾರೆ. ಯಾರು ಕೇಳಿದರು, ಏನು ಹೇಳಿ ಕೇಳಿದರು, ಹಣ ಯಾವ ದಾರಿಯಲ್ಲಿ ಹೋಗುತ್ತದೆ ಎಂದರು ಎನ್ನುವುದೆಲ್ಲ ಆ ಉತ್ತರದೊಳಗೆ ಸೇರಿಕೊಳ್ಳುತ್ತದೆ. ಹಸಿರು ಸೆಸ್ ಸುತ್ತಲಿನ ಗೊಂದಲ ಬಿಡಿಸಲು ಇದನ್ನು ಅರ್ಥ ಮಾಡಿಕೊಳ್ಳಬೇಕು.

ಸರ್ವೆಯಿಂದ ಬೆಲೆ ಕಟ್ಟುವ ಕೆಲಸ ಶುರುವಾದದ್ದು

ದೇವರಾಜ ಮಾರುಕಟ್ಟೆಯಲ್ಲಿ ನಂಜನಗೂಡು ರಸಬಾಳೆಗೆ ಎಷ್ಟು ಕೊಡಬಹುದು ಎಂದು ಕೇಳಿದರೆ ಮೈಸೂರಿನ ಯಾವ ಮನೆಯವರೂ ಥಟ್ಟನೆ ಹೇಳುತ್ತಾರೆ. ಹಿಂದೆ ಕೊಂಡಿದ್ದಾರೆ, ಚೌಕಾಸಿ ಮಾಡಿದ್ದಾರೆ, ಜಾಸ್ತಿ ಆಯಿತು ಎಂದು ಬಿಟ್ಟು ಬಂದಿದ್ದಾರೆ. ನಾಗರಹೊಳೆಯ ಕಾಡನ್ನು ಹಾಗೆ ಯಾರೂ ಕೊಂಡಿಲ್ಲ. ಮಾರುಕಟ್ಟೆ ಇಲ್ಲದ ಕಡೆ ಬೆಲೆ ತಿಳಿಯುವುದು ಹೇಗೆ? ಜನರನ್ನೇ ಕೇಳಿಬಿಡಿ ಎಂಬ ಸಲಹೆ 1947ರಲ್ಲೇ ಅಮೆರಿಕದಲ್ಲಿ ಬಂದಿತ್ತು. 1960ರ ದಶಕದಲ್ಲಿ ಮೇಯ್ನ್ ರಾಜ್ಯದ ಕಾಡುಗಳ ಬಗ್ಗೆ ರಾಬರ್ಟ್ ಡೇವಿಸ್ ಎಂಬ ಸಂಶೋಧಕ ಹಾಗೆ ಕೇಳಿಯೂ ನೋಡಿದರು.

ಆದರೆ ಈ ವಿಧಾನ ಎಲ್ಲರ ಕಣ್ಣಿಗೆ ಬಿದ್ದದ್ದು ಒಂದು ದುರಂತದಿಂದ. 1989ರ ಮಾರ್ಚ್ 24ರಂದು ಎಕ್ಸಾನ್ ವಾಲ್ಡೀಸ್ ಎಂಬ ತೈಲ ಹಡಗು ಅಲಾಸ್ಕಾದ ಕರಾವಳಿಯಲ್ಲಿ ಬಂಡೆಗೆ ತಾಗಿತು. ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲ ಸಮುದ್ರ ಸೇರಿತು. ಹಕ್ಕಿಗಳು, ನೀರುನಾಯಿಗಳು ಸಾವಿರಾರು ಸಂಖ್ಯೆಯಲ್ಲಿ ಸತ್ತವು. ಮೀನುಗಾರರ ನಷ್ಟವನ್ನು ಲೆಕ್ಕ ಹಾಕಬಹುದು. ಆದರೆ ಅಲಾಸ್ಕಾವನ್ನು ಜನ್ಮದಲ್ಲಿ ನೋಡದ, ಮುಂದೆಯೂ ನೋಡದ ಒಬ್ಬ ಸಾಮಾನ್ಯ ಮನುಷ್ಯನಿಗೂ ಅಲ್ಲಿನ ಸಮುದ್ರ ಹಾಳಾದದ್ದರಿಂದ ಏನೋ ಕಳೆದುಹೋಗಿದೆ, ಅಲ್ವಾ? ಅದಕ್ಕೆ ಬೆಲೆ ಎಷ್ಟು?

ಅಲಾಸ್ಕಾ ರಾಜ್ಯದ ಪರವಾಗಿ ಅರ್ಥಶಾಸ್ತ್ರಜ್ಞ ರಿಚರ್ಡ್ ಕಾರ್ಸನ್ ಮತ್ತು ಸಂಗಡಿಗರು ಅಮೆರಿಕದ ಸಾವಿರಕ್ಕೂ ಹೆಚ್ಚು ಮನೆಗಳಿಗೆ ಹೋಗಿ ಕೇಳಿದರು. ಇಂಥದ್ದೇ ಇನ್ನೊಂದು ಅಪಘಾತ ತಪ್ಪಿಸಲು ತೈಲ ಹಡಗುಗಳ ಜೊತೆ ಬೆಂಗಾವಲು ಹಡಗು ಕಳಿಸುವ ಯೋಜನೆ ಇದೆ, ಅದಕ್ಕಾಗಿ ಒಂದು ಸಲ ಇಷ್ಟು ತೆರಿಗೆ ಕೊಡುತ್ತೀರಾ ಎಂಬುದು ಪ್ರಶ್ನೆ. ಒಂದು ಮನೆಗೆ 30 ಡಾಲರ್ ಆಸುಪಾಸಿನ ಮೊತ್ತ ಬಂತು. ಇಡೀ ದೇಶಕ್ಕೆ ಲೆಕ್ಕ ಹಾಕಿದರೆ 280 ಕೋಟಿ ಡಾಲರ್.

ಹಡಗಿನ ಒಡೆತನದ ಎಕ್ಸಾನ್ ಕಂಪನಿ ಇದನ್ನು ಒಪ್ಪಲಿಲ್ಲ. ತನ್ನ ಪರವಾಗಿ ಬೇರೆ ಸಂಶೋಧಕರಿಗೆ ಹಣ ಕೊಟ್ಟು ಈ ವಿಧಾನವನ್ನೇ ಪರೀಕ್ಷಿಸಿತು. ಕೊನೆಗೆ ಅಮೆರಿಕ ಸರ್ಕಾರ ಒಂದು ಸಮಿತಿ ನೇಮಿಸಿತು. ಕೆನೆತ್ ಆರೋ ಮತ್ತು ರಾಬರ್ಟ್ ಸೋಲೋ, ಇಬ್ಬರೂ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞರು, ಅದರ ಮುಂದಾಳುಗಳು. 1993ರಲ್ಲಿ ಸಮಿತಿ ವರದಿ ಕೊಟ್ಟಿತು. ಈ ವಿಧಾನವನ್ನು ಬಳಸಬಹುದು, ಆದರೆ ಕಟ್ಟುನಿಟ್ಟಾಗಿ ಬಳಸಬೇಕು ಎಂದಿತು. ಮನೆಗೆ ಹೋಗಿ ಎದುರು ಕೂತು ಕೇಳಿ. ಎಷ್ಟು ಕೊಡುತ್ತೀರಿ ಎಂದು ಬಿಡುಬೀಸಾಗಿ ಕೇಳಬೇಡಿ, ಇಷ್ಟು ಮೊತ್ತಕ್ಕೆ ಮತ ಹಾಕುತ್ತೀರಾ ಇಲ್ಲವಾ ಎಂದು ಕೇಳಿ. ಈ ಹಣ ಕೊಟ್ಟರೆ ಬೇರೆ ಖರ್ಚಿಗೆ ಅಷ್ಟು ಕಡಿಮೆಯಾಗುತ್ತದೆ ಎಂದು ನೆನಪಿಸಿ. ಮುಂದೆ ಬಹಳ ವರ್ಷ ಒಂದು ಸರ್ವೆ ಒಳ್ಳೆಯದೋ ಕೆಟ್ಟದ್ದೋ ಎಂದು ತೂಗಲು ಈ ಮಾತುಗಳೇ ಆಧಾರವಾದವು.

ಎರಡು ಸಾವಿರ ಹಕ್ಕಿ, ಎರಡು ಲಕ್ಷ ಹಕ್ಕಿ

ಕಂಪನಿಯ ಹಣದಿಂದ ನಡೆದ ಅಧ್ಯಯನಗಳಲ್ಲಿ ಒಂದು ತುಂಬ ಹೆಸರಾಯಿತು. ಹಣ ಯಾರದ್ದು ಎಂಬ ಕಾರಣಕ್ಕೆ ಅದನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ಅದು ತೋರಿಸಿದ ತೊಂದರೆ ನಿಜವಾದದ್ದು. ವಲಸೆ ಹಕ್ಕಿಗಳು ತೈಲ ತುಂಬಿದ ತೆರೆದ ಹೊಂಡಗಳನ್ನು ಕೆರೆ ಎಂದುಕೊಂಡು ಇಳಿದು ಸಾಯುತ್ತವೆ. ಹೊಂಡಗಳಿಗೆ ಬಲೆ ಹೊದಿಸಿದರೆ ಉಳಿಯುತ್ತವೆ. ಅದಕ್ಕೆ ನೀವು ಎಷ್ಟು ಕೊಡುತ್ತೀರಿ? ಒಂದು ಗುಂಪಿಗೆ 2,000 ಹಕ್ಕಿ ಉಳಿಯುತ್ತವೆ ಎಂದರು. ಇನ್ನೊಂದಕ್ಕೆ 20,000 ಎಂದರು. ಮೂರನೆಯದಕ್ಕೆ 2,00,000. ಸರಾಸರಿ ಉತ್ತರ ಹೀಗಿತ್ತು: 80 ಡಾಲರ್, 78 ಡಾಲರ್, 88 ಡಾಲರ್.

ಹಕ್ಕಿಗಳ ಸಂಖ್ಯೆ ನೂರು ಪಟ್ಟು ಏರಿದರೂ ಮೊತ್ತ ಹೆಚ್ಚುಕಡಿಮೆ ಅಲ್ಲೇ ನಿಂತಿತು. ಏಕೆ?

ಮುಂದೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮನಃಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಅವರ ಜೊತೆಗಾರರು ಕೊಟ್ಟ ವಿವರಣೆ ಹೀಗಿದೆ. ಪ್ರಶ್ನೆ ಕೇಳಿದಾಗ ಮನಸ್ಸಿನಲ್ಲಿ ಎರಡು ಲಕ್ಷ ಹಕ್ಕಿ ಮೂಡುವುದಿಲ್ಲ. ಒಂದೇ ಒಂದು ಹಕ್ಕಿ ಮೂಡುತ್ತದೆ, ರೆಕ್ಕೆಗೆ ಎಣ್ಣೆ ಮೆತ್ತಿಕೊಂಡು ಮೇಲೇಳಲಾಗದೆ ಒದ್ದಾಡುವ ಹಕ್ಕಿ. ಆ ಚಿತ್ರ ಎಷ್ಟು ಕಲಕುತ್ತದೋ ಅಷ್ಟು ಹಣ ಬಾಯಿಗೆ ಬರುತ್ತದೆ. ಸಂಖ್ಯೆಗೆ ಅಲ್ಲಿ ಜಾಗವೇ ಇಲ್ಲ. 1992ರಲ್ಲಿ ಕಾನೆಮನ್ ಮತ್ತು ಜ್ಯಾಕ್ ನೆಚ್ ಇನ್ನೊಂದು ಮಾತು ಸೇರಿಸಿದರು. ಜನ ಇಲ್ಲಿ ಕೊಳ್ಳುತ್ತಿರುವುದು ಒಳ್ಳೆಯ ಕೆಲಸಕ್ಕೆ ಕೈ ಜೋಡಿಸಿದ ಸಮಾಧಾನವನ್ನು. ಸಣ್ಣ ಕೆಲಸಕ್ಕೂ ದೊಡ್ಡ ಕೆಲಸಕ್ಕೂ ಆ ಸಮಾಧಾನ ಒಂದೇ.

ನಮ್ಮ ಸುತ್ತಲೂ ಇದು ಕಾಣುತ್ತದೆ. ಮೈಸೂರು ಮೃಗಾಲಯದಲ್ಲಿ ಪ್ರಾಣಿಗಳನ್ನು ದತ್ತು ತೆಗೆದುಕೊಳ್ಳುವ ಯೋಜನೆ ಇದೆ. ಜನ ಖುಷಿಯಿಂದ ಹಣ ಕೊಡುತ್ತಾರೆ. ಇಂಥ ಹುಲಿ, ಇಂಥ ಆನೆ ಎಂದು ಗುರುತಿಸಬಹುದು, ಹೋಗಿ ನೋಡಬಹುದು. ಪಶ್ಚಿಮ ಘಟ್ಟದ ನಿಧಿಗೆ ಮುಖವಿಲ್ಲ. ಹಾಗೆಯೇ ರಂಗನತಿಟ್ಟಿನ ಕೊಕ್ಕರೆಗಳನ್ನು ಉಳಿಸಲು ಎಷ್ಟು ಕೊಡುತ್ತೀರಿ ಎಂದು ಮೈಸೂರಿನಲ್ಲಿ ಕೇಳಿದರೆ ಒಂದು ಮೊತ್ತ ಬರುತ್ತದೆ. ಕಾವೇರಿ ಕೊಳ್ಳದ ಎಲ್ಲ ಹಕ್ಕಿಗಳನ್ನು ಉಳಿಸಲು ಎಷ್ಟು ಎಂದು ಬೇರೆ ಗುಂಪಿಗೆ ಕೇಳಿದರೆ ಬಹುಶಃ ಅದರ ಹತ್ತಿರದ ಮೊತ್ತವೇ ಬಂದೀತು. ಹಾಗಿದ್ದಾಗ ಯಾವ ಮೊತ್ತವನ್ನು ಯಾವುದರ ಬೆಲೆ ಎನ್ನುವುದು?

ಇದರಿಂದ ಜನರಿಗೆ ಬುದ್ಧಿ ಸಾಲದು ಎಂಬ ತೀರ್ಮಾನಕ್ಕೆ ಬರಬಾರದು. ಯಾವತ್ತೂ ಯೋಚಿಸದ ಪ್ರಶ್ನೆಗೆ ಎರಡು ನಿಮಿಷದಲ್ಲಿ ರೂಪಾಯಿಯಲ್ಲಿ ಉತ್ತರ ಹೇಳಿ ಎಂದರೆ ಯಾರಾದರೂ ಹೀಗೆಯೇ ಮಾಡುತ್ತಾರೆ.

ಉತ್ತರ ಹುಟ್ಟುವ ಬಗೆ

ಸಂಖ್ಯೆ ಗೊತ್ತಿಲ್ಲದಾಗ ಮನಸ್ಸು ಹತ್ತಿರ ಸಿಕ್ಕ ಸಂಖ್ಯೆಯನ್ನು ಹಿಡಿದುಕೊಳ್ಳುತ್ತದೆ. 2003ರಲ್ಲಿ ಪ್ರಕಟವಾದ ಡ್ಯಾನ್ ಆರಿಯೆಲಿ ಮತ್ತು ಸಂಗಡಿಗರ ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಅಮೆರಿಕದ ಪ್ರತಿಯೊಬ್ಬರಿಗೂ ಸರ್ಕಾರ ಕೊಟ್ಟ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅದರ ಕೊನೆಯ ಎರಡು ಅಂಕಿಗಳನ್ನು ವಿದ್ಯಾರ್ಥಿಗಳು ಬರೆದುಕೊಳ್ಳಬೇಕಿತ್ತು. ಆಮೇಲೆ ವೈನ್, ಕೀಬೋರ್ಡ್ ಮುಂತಾದವಕ್ಕೆ ಎಷ್ಟು ಕೊಡುತ್ತೀರಿ ಎಂದು ಕೇಳಿದರು. ಗುರುತಿನ ಸಂಖ್ಯೆಗೂ ವೈನ್ ಬೆಲೆಗೂ ಏನೂ ಸಂಬಂಧವಿಲ್ಲ. ಆದರೂ ದೊಡ್ಡ ಅಂಕಿ ಬರೆದವರು ಜಾಸ್ತಿ ಬೆಲೆ ಹೇಳಿದರು, ಸಣ್ಣ ಅಂಕಿಯವರು ಕಡಿಮೆ ಹೇಳಿದರು. ಅಂಗಡಿಯಲ್ಲಿ ಸಿಗುವ ವಸ್ತುವಿಗೇ ಹೀಗಾದರೆ, ಎಲ್ಲೂ ಸಿಗದ ಕಾಡಿನ ಮಾತೇನು?

ಹಾಗಾಗಿ ಹಸಿರು ಸೆಸ್ ಸುದ್ದಿಯಲ್ಲಿ ಬಂದ 2, 3 ರೂಪಾಯಿ ಸುಮ್ನೆ ಬಂದ ಅಂಕಿಯಾಗಿ ಉಳಿಯಲಿಲ್ಲ. ಇನ್ನು ಮುಂದೆ ಮೈಸೂರಿನಲ್ಲಿ ಯಾರೇ ಈ ಬಗ್ಗೆ ಸರ್ವೆ ಮಾಡಿದರೂ ಜನರ ಉತ್ತರ ಆ ಅಂಕಿಯ ಸುತ್ತಲೇ ತಿರುಗುವ ಸಾಧ್ಯತೆ ಇದೆ. 10 ರೂಪಾಯಿ ಎಂದು ಕೇಳಿದರೆ ಮೂರು ಪಟ್ಟು ಏರಿಸಿದರು ಎನಿಸುತ್ತದೆ. ಮೊದಲ ಸುದ್ದಿಯಲ್ಲೇ 10 ರೂಪಾಯಿ ಎಂದಿದ್ದರೆ 3 ರೂಪಾಯಿ ಸಲೀಸು ಎನಿಸುತ್ತಿತ್ತು. ಕಾಡು ಮಾತ್ರ ಎರಡೂ ಕಡೆ ಅದೇ ಕಾಡು.

ಎರಡನೆಯದು, ಹಣ ಹೋಗುವ ದಾರಿ. ಅದೇ 3 ರೂಪಾಯಿಯನ್ನು ದೇಣಿಗೆ ಎಂದು ಕೇಳಬಹುದು, ಆಸ್ತಿ ತೆರಿಗೆಯ ಜೊತೆ ಕೇಳಬಹುದು, ನಾಗರಹೊಳೆಯ ಸಫಾರಿ ಟಿಕೆಟ್‌ನಲ್ಲಿ ಸೇರಿಸಬಹುದು, ನೀರಿನ ಬಿಲ್‌ನಲ್ಲಿ ಹಾಕಬಹುದು. ಲೆಕ್ಕದಲ್ಲಿ ಎಲ್ಲ ಒಂದೇ. ಮನಸ್ಸಿನಲ್ಲಿ ಒಂದೊಂದೂ ಬೇರೆ. ದೇಣಿಗೆಯಲ್ಲಿ ನನ್ನ ಇಷ್ಟವಿದೆ. ಟಿಕೆಟ್‌ನಲ್ಲಿ ನೋಡುವವರು ಕೊಡುತ್ತಾರೆ ಎಂಬ ನ್ಯಾಯವಿದೆ. ನೀರಿನ ಬಿಲ್ ಬಂದ ಕೂಡಲೇ ನೆನಪಾಗುವುದು ಎರಡು ದಿನಕ್ಕೊಮ್ಮೆ ಬರುವ ನೀರು, ಒಡೆದ ಪೈಪು, ತಿಂಗಳುಗಟ್ಟಲೆ ಸರಿಯಾಗದ ದೂರು. ಆ ಸಿಟ್ಟು ಕಾಡಿನ ಪ್ರಶ್ನೆಯ ಮೇಲೆ ಬೀಳುತ್ತದೆ. ಉತ್ತರ ಬೇಡ ಎಂದು ಬಂದರೆ ಅದು ಕಾಡಿಗೆ ಕೊಟ್ಟ ಉತ್ತರವೋ ನಲ್ಲಿಗೆ ಕೊಟ್ಟ ಉತ್ತರವೋ ಎಂದು ಬಿಡಿಸಿ ನೋಡಲೇಬೇಕು.

ಮೂರನೆಯದು ಸಮಯ. ನೈಜೀರಿಯಾದ ಅನಂಬ್ರಾ ರಾಜ್ಯದಲ್ಲಿ ಡೇಲ್ ವಿಟಿಂಗ್ಟನ್ ಮತ್ತು ಸಂಗಡಿಗರು ನೀರಿನ ಯೋಜನೆಯ ಬಗ್ಗೆ ಕೇಳಿದರು. ಕೆಲವರು ಅಲ್ಲೇ ಉತ್ತರ ಹೇಳಬೇಕು. ಇನ್ನು ಕೆಲವರಿಗೆ ಒಂದು ರಾತ್ರಿ ಯೋಚಿಸಿ, ನಾಳೆ ಬರುತ್ತೇವೆ ಎಂದರು. ಯೋಚಿಸಲು ಸಮಯ ಸಿಕ್ಕವರು ಕಡಿಮೆ ಮೊತ್ತ ಹೇಳಿದರು. ಮನೆಯವರ ಜೊತೆ ಕೂತು ಮಾತಾಡಿದಾಗ ಸಾಲ, ಫೀಸು, ದಿನಸಿ ಎಲ್ಲ ಲೆಕ್ಕಕ್ಕೆ ಬರುತ್ತವೆ. 1992ರಲ್ಲಿ ಪ್ರಕಟವಾದ ಈ ಅಧ್ಯಯನ ನನ್ನ ದೃಷ್ಟಿಯಲ್ಲಿ ಹಕ್ಕಿಗಳ ಅಧ್ಯಯನದಷ್ಟೇ ಮುಖ್ಯ. ನಮ್ಮಲ್ಲಿ ಫೋನಿನಲ್ಲಿ, ಆ್ಯಪ್‌ನಲ್ಲಿ ಅರ್ಧ ನಿಮಿಷದಲ್ಲಿ ಮುಗಿಸುವ ಸರ್ವೆಗಳೇ ಜಾಸ್ತಿ.

ಪಡೆಯಲು ಒಂದು ಬೆಲೆ, ಬಿಟ್ಟುಕೊಡಲು ಇನ್ನೊಂದು

ಪ್ರಶ್ನೆಯನ್ನು ತಿರುಗಿಸಿ ಕೇಳಿದರೆ ಉತ್ತರ ಇನ್ನಷ್ಟು ಬದಲಾಗುತ್ತದೆ. ರಿಚರ್ಡ್ ಬಿಷಪ್ ಮತ್ತು ಥಾಮಸ್ ಹೆಬರ್ಲೈನ್ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹೆಬ್ಬಾತು ಬೇಟೆಯ ಪರವಾನಗಿ ಇದ್ದವರ ಮೇಲೆ ಒಂದು ಪ್ರಯೋಗ ಮಾಡಿ 1979ರಲ್ಲಿ ಪ್ರಕಟಿಸಿದರು. ಪರವಾನಗಿ ಕೊಳ್ಳಲು ಎಷ್ಟು ಕೊಡುತ್ತೀರಿ ಎಂದು ಕೇಳಿದಾಗ ಸರಾಸರಿ 21 ಡಾಲರ್ ಬಂತು. ಇರುವ ಪರವಾನಗಿ ಬಿಟ್ಟುಕೊಡಲು ಎಷ್ಟು ಬೇಕು ಎಂದು ಕೇಳಿದಾಗ 101 ಡಾಲರ್. ನಿಜವಾಗಿ ಚೆಕ್ ಕಳಿಸಿ ಪರವಾನಗಿ ವಾಪಸ್ ಕೇಳಿದಾಗ ಬಂದ ಲೆಕ್ಕ 63 ಡಾಲರ್. ವಸ್ತು ಒಂದೇ, ಬೆಲೆ ಮೂರು.

ಮಂಡ್ಯದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಶ್ವೇಶ್ವರಯ್ಯ ನಾಲೆಯಲ್ಲಿ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುತ್ತಾ, ನೀರು ಬರುತ್ತದೆ. ಇನ್ನೊಂದು ಕಟ್ಟು ನೀರು ಬಿಡಿಸಿಕೊಳ್ಳಲು ಎಕರೆಗೆ ಎಷ್ಟು ಕೊಡುತ್ತೀರಿ ಎಂದು ಕೇಳಿದರೆ ಉತ್ತರ ಕಿಸೆಯ ಅಳತೆಗೆ ಬರುತ್ತದೆ. ಬರುವ ನೀರನ್ನು ಬಿಟ್ಟುಕೊಡಲು ಎಷ್ಟು ಬೇಕು ಎಂದು ಕೇಳಿದರೆ ಉತ್ತರ ಬೇರೆಯೇ. ನಿಂತ ಕಬ್ಬು ಒಣಗುವ ಚಿತ್ರ, ಬ್ಯಾಂಕಿನ ಸಾಲ, ಈ ನೀರು ನಮ್ಮದು ಎಂಬ ಹಕ್ಕು ಎಲ್ಲ ಸೇರಿಕೊಳ್ಳುತ್ತವೆ. ಎಷ್ಟು ಕೊಟ್ಟರೂ ಬೇಡ ಎಂದು ಬಹಳ ಜನ ಹೇಳಿಯಾರು. 2023ರ ಬರದಲ್ಲಿ ಕೆಆರ್‌ಎಸ್‌ನಿಂದ ತಮಿಳುನಾಡಿಗೆ ನೀರು ಬಿಟ್ಟಾಗ ಮಂಡ್ಯದಲ್ಲಿ ಎದ್ದ ಸಿಟ್ಟಿನಲ್ಲಿ ಈ ಭಾವನೆಯೇ ಇತ್ತು.

ಎರಡು ಉತ್ತರಗಳ ನಡುವಿನ ಅಂತರಕ್ಕೆ ಕಾರಣಗಳಿವೆ. ಕೊಡುವ ಹಣಕ್ಕೆ ನಮ್ಮ ಆದಾಯ ಮಿತಿ ಹಾಕುತ್ತದೆ, ಪರಿಹಾರ ಕೇಳಲು ಅಂಥ ಮಿತಿ ಇಲ್ಲ. ಇದ್ದದ್ದು ಕಳೆದುಕೊಳ್ಳುವ ನೋವು, ಇಲ್ಲದ್ದು ಸಿಗುವ ಖುಷಿಗಿಂತ ದೊಡ್ಡದು. ಎಲ್ಲಕ್ಕಿಂತ ಮುಖ್ಯವಾಗಿ, ಎಷ್ಟು ಕೊಡುತ್ತೀರಿ ಎಂದು ಕೇಳುವ ಪ್ರಶ್ನೆಯೊಳಗೇ ಒಂದು ತೀರ್ಪು ಅಡಗಿದೆ. ಅದು ನಿಮ್ಮದಲ್ಲ, ಬೇಕಾದರೆ ಕೊಂಡುಕೊಳ್ಳಿ ಎಂಬ ತೀರ್ಪು. ಶುದ್ಧ ನೀರು, ನೆರಳಿನ ರಸ್ತೆ ನಮ್ಮ ಹಕ್ಕು ಎಂದುಕೊಂಡವರಿಗೆ ಆ ಪ್ರಶ್ನೆಯೇ ಒಪ್ಪಿಗೆಯಾಗುವುದಿಲ್ಲ. ಹೈದರಾಲಿ ರಸ್ತೆಯಲ್ಲಿ ಪ್ರತಿಭಟಿಸಿದವರನ್ನು ಆ ಮರಗಳಿಗೆ ಎಷ್ಟು ಕೊಡುತ್ತಿದ್ದಿರಿ ಎಂದು ಕೇಳಿದ್ದರೆ, ನಮ್ಮ ಮರಕ್ಕೆ ನಾವೇಕೆ ದುಡ್ಡು ಕೊಡಬೇಕು ಎಂಬ ಉತ್ತರ ಬರುತ್ತಿತ್ತು. ಅದನ್ನು ಸೊನ್ನೆ ರೂಪಾಯಿ ಎಂದು ಬರೆದುಕೊಂಡರೆ ದೊಡ್ಡ ಅನ್ಯಾಯ.

ಸೊನ್ನೆಗಳಲ್ಲಿ ಹಲವು ಬಗೆ

ಹೀಗೆ ಬೇಡ ಎಂದವರನ್ನು ಏನು ಮಾಡುವುದು ಎಂಬುದು ಸರ್ವೆ ಮಾಡುವವರಿಗೆ ನಿಜವಾದ ತಲೆನೋವು. ಒಬ್ಬರ ಕೈಯಲ್ಲಿ ಹಣವೇ ಇಲ್ಲ. ಒಬ್ಬರಿಗೆ ಕಾಡಿನ ಬಗ್ಗೆ ಆಸಕ್ತಿಯೇ ಇಲ್ಲ. ಇನ್ನೊಬ್ಬರಿಗೆ ಕಾಡು ಬೇಕು, ಆದರೆ ನಿಧಿಯ ಹಣ ಕಾಡು ಮುಟ್ಟುತ್ತದೆ ಎಂಬ ನಂಬಿಕೆ ಇಲ್ಲ. ಮತ್ತೊಬ್ಬರು ಈಗಾಗಲೇ ಕೊಡುವ ತೆರಿಗೆಯಲ್ಲೇ ಇದು ಆಗಬೇಕು ಎನ್ನುತ್ತಾರೆ. ಇಡೀ ದಿನ ನೀರು ಎಳೆಯುವ ಕಾರ್ಖಾನೆ ಮೊದಲು ಕೊಡಲಿ ಎನ್ನುವವರೂ ಇದ್ದಾರೆ.

ಇವರೆಲ್ಲರ ಎದುರು ಫಾರ್ಮ್‌ನಲ್ಲಿ ಬೀಳುವುದು ಒಂದೇ ಸೊನ್ನೆ. ಮೊದಲ ಇಬ್ಬರದ್ದು ನಿಜವಾದ ಸೊನ್ನೆ. ಉಳಿದವರದ್ದು ಪ್ರತಿಭಟನೆ. ಪ್ರತಿಭಟನೆಯ ಸೊನ್ನೆಗಳನ್ನು ಲೆಕ್ಕದಿಂದ ತೆಗೆದರೆ ಸರಾಸರಿ ಮೇಲೇರುತ್ತದೆ. ಹಾಗೇ ಉಳಿಸಿಕೊಂಡರೆ ಕೆಳಗಿಳಿಯುತ್ತದೆ. ಅಂದರೆ ಕಚೇರಿಯಲ್ಲಿ ಕೂತು ಲೆಕ್ಕ ಮಾಡುವವರ ಒಂದು ತೀರ್ಮಾನದಿಂದ ಜನರ ಒಲವು ಎಂದು ಪ್ರಕಟವಾಗುವ ಅಂಕಿ ಬದಲಾಗಿಬಿಡುತ್ತದೆ. ಪತ್ರಿಕೆಯಲ್ಲಿ ಶೇಕಡ ಇಷ್ಟು ಜನ ಒಪ್ಪಿದರು ಎಂಬ ಸಾಲು ಮಾತ್ರ ಬರುತ್ತದೆ.

ಹಸಿರು ಸೆಸ್‌ಗೆ ಬಂದ ವಿರೋಧದಲ್ಲಿ ನಂಬಿಕೆಯ ಪ್ರಶ್ನೆಯ ಪಾಲು ದೊಡ್ಡದು ಎಂದು ನನಗನಿಸುತ್ತದೆ. ತಿಂಗಳಿಗೆ 3 ರೂಪಾಯಿ ಎಂದರೆ ವರ್ಷಕ್ಕೆ 36. ಇದು ಯಾವ ಮನೆಯ ಬಜೆಟ್ಟನ್ನೂ ಮುರಿಯುವುದಿಲ್ಲ. ಆದರೂ ಜನ ಬೇಡ ಎಂದರೆ ಮೊತ್ತಕ್ಕಿಂತ ಬೇರೆ ಏನೋ ಅವರನ್ನು ತಡೆಯುತ್ತಿದೆ.

ಇನ್ನೊಂದು ಲೆಕ್ಕವನ್ನೂ ಮಾಡಿ ನೋಡಬೇಕು. ಒಂದು ಲಕ್ಷ ನೀರಿನ ಸಂಪರ್ಕಗಳಿಂದ ತಿಂಗಳಿಗೆ 3 ರೂಪಾಯಿ ಬಂದರೆ ವರ್ಷಕ್ಕೆ 36 ಲಕ್ಷ. ರೈಲ್ವೆ ಕಂಬಿಯ ಬೇಲಿಗೆ ಕಿಲೋಮೀಟರಿಗೆ ಕೋಟಿ ರೂಪಾಯಿ ಮೀರಿ ಖರ್ಚಾಗುತ್ತದೆ. ಲಕ್ಷ ಮನೆಗಳ ಮೂರು ವರ್ಷದ ಸೆಸ್ ಒಂದು ಕಿಲೋಮೀಟರ್ ಬೇಲಿಗೂ ಸಾಲುವುದು ಅನುಮಾನ. ಈ ಲೆಕ್ಕ ಹೇಳಿ ಕೇಳಿದರೆ ಉತ್ತರ ಎರಡು ದಿಕ್ಕಿಗೆ ಹೋಗಬಹುದು. ಇಷ್ಟು ಸಣ್ಣ ಮೊತ್ತದಿಂದ ಏನಾದೀತು ಎಂದು ಕೆಲವರು ಕೈಬಿಡುತ್ತಾರೆ. ಹಾಗಾದರೆ ಜಾಸ್ತಿ ಕೊಡೋಣ ಎಂದು ಕೆಲವರು ಮುಂದೆ ಬರುತ್ತಾರೆ. ಲೆಕ್ಕ ಹೇಳದೆ ಕೇಳಿದ ಪ್ರಶ್ನೆಗೆ ಬಂದ ಉತ್ತರ ಈ ಎರಡಕ್ಕೂ ಹೊಂದುವುದಿಲ್ಲ.

ದುಡ್ಡಿನ ಮಾತು ಬಂದಾಗ ಆಗುವ ಬದಲಾವಣೆ

ಹಣ ಕೊಡುತ್ತೇವೆ ಎಂದರೆ ಒಪ್ಪುವವರು ಹೆಚ್ಚುತ್ತಾರೆ ಎಂದು ಎಲ್ಲರೂ ಅಂದುಕೊಳ್ಳುತ್ತೇವೆ. ಸ್ವಿಟ್ಜರ್ಲೆಂಡ್‌ನಲ್ಲಿ 1993ರಲ್ಲಿ ಬೇರೆಯೇ ಆಯಿತು. ಅಲ್ಲಿನ ವೋಲ್ಫೆನ್‌ಶೀಸನ್ ಎಂಬ ಹಳ್ಳಿಯ ಹತ್ತಿರ ಅಣು ತ್ಯಾಜ್ಯ ಇಡುವ ಯೋಚನೆ ಇತ್ತು. ಬ್ರೂನೊ ಫ್ರೈ ಮತ್ತು ಫೆಲಿಕ್ಸ್ ಓಬರ್‌ಹೋಲ್ಟ್ಸರ್-ಗೀ ಜನರನ್ನು ಕೇಳಿದರು. ಶೇ 50.8 ಮಂದಿ ಒಪ್ಪಿದರು. ವರ್ಷಾವರ್ಷ ಪರಿಹಾರ ಕೊಡುತ್ತೇವೆ ಎಂದು ಸೇರಿಸಿ ಕೇಳಿದಾಗ ಒಪ್ಪಿದವರು ಶೇ 24.6ಕ್ಕೆ ಇಳಿದರು.

ಮೊದಲ ಪ್ರಶ್ನೆಯಲ್ಲಿ ಅವರು ನಾಗರಿಕರಾಗಿ ಯೋಚಿಸಿದರು. ದೇಶದ ಹೊರೆ ಯಾರಾದರೂ ಹೊರಬೇಕು, ನಮ್ಮ ಪಾಲಿಗೆ ಬಂದಿದೆ ಎಂದುಕೊಂಡರು. ಎರಡನೆಯ ಪ್ರಶ್ನೆ ಅವರನ್ನು ವ್ಯಾಪಾರಕ್ಕೆ ಕೂರಿಸಿತು. ಹಣಕ್ಕೆ ಒಪ್ಪಿದರು ಎಂಬ ಹೆಸರು ಬೇಡವಾಯಿತು. ಹಸಿರು ಸೆಸ್‌ನಲ್ಲೂ ಈ ಅಪಾಯ ಇದೆ. ಕಾಡಿಗೆ ಕೊಡಬೇಕಾದ್ದು 3 ರೂಪಾಯಿ, ಕೊಟ್ಟಾಯಿತು, ಇನ್ನು ಉಳಿದದ್ದು ಸರ್ಕಾರದ ಕೆಲಸ ಎಂಬ ಭಾವನೆ ಬಂದರೆ, ಈಗ ಬೀದಿಗಿಳಿಯುವ ಜನರ ಕಾಳಜಿಯೇ ತೆಳುವಾದೀತು.

ಕೇರಳದ ನಲ್ಲಿಗಳು ಹೇಳಿದ್ದು

ಇಷ್ಟು ಓದಿದ ಮೇಲೆ ಸರ್ವೆಗಳೆಲ್ಲ ದಂಡ ಎನಿಸಬಹುದು. ಹಾಗಿಲ್ಲ. ಅದಕ್ಕೆ ಪಕ್ಕದ ಕೇರಳದಲ್ಲೇ ಉದಾಹರಣೆ ಇದೆ. 1988ರಲ್ಲಿ ವಿಶ್ವಬ್ಯಾಂಕ್ ಪರವಾಗಿ ಸಂಶೋಧಕರು ಅಲ್ಲಿನ ಹಳ್ಳಿಗಳಲ್ಲಿ ಮನೆಗೆ ನಲ್ಲಿ ಹಾಕಿಸಿಕೊಳ್ಳುವ ಬಗ್ಗೆ ಕೇಳಿದ್ದರು. ಸಂಪರ್ಕಕ್ಕೆ ಇಷ್ಟು, ತಿಂಗಳಿಗೆ ಇಷ್ಟು ಆದರೆ ಹಾಕಿಸುತ್ತೀರಾ? 1991ರಲ್ಲಿ ಅದೇ ಕಡೆ ವಾಪಸ್ ಹೋಗಿ ನೋಡಿದರು. ಬಹುಪಾಲು ಮನೆಯವರು ಹೇಳಿದಂತೆಯೇ ನಡೆದುಕೊಂಡಿದ್ದರು. ತಿಂಗಳ ದರಕ್ಕಿಂತ ಮೊದಲೇ ಒಟ್ಟಿಗೆ ಕಟ್ಟಬೇಕಾದ ಸಂಪರ್ಕದ ಹಣವೇ ಜನರನ್ನು ತಡೆಯುತ್ತಿದೆ ಎಂಬ ಉಪಯುಕ್ತ ವಿಷಯವೂ ಆ ಅಧ್ಯಯನದಿಂದ ತಿಳಿಯಿತು.

ತೈಲ ಹೊಂಡದ ಹಕ್ಕಿಗೂ ಕೇರಳದ ನಲ್ಲಿಗೂ ಇರುವ ವ್ಯತ್ಯಾಸ ದೊಡ್ಡದು. ನೀರು ಹೊತ್ತು ತರುವ ಕಷ್ಟ ಆ ಮನೆಯವರಿಗೆ ದಿನಾ ಗೊತ್ತು. ನೆಂಟರ ಮನೆಯಲ್ಲಿ ನಲ್ಲಿ ನೋಡಿದ್ದಾರೆ. ಹಣ ಕೊಟ್ಟರೆ ಏನು ಸಿಗುತ್ತದೆ ಎಂಬುದು ಸ್ಪಷ್ಟ. ಅಂಥ ಕಡೆ ಒಲವು ಪ್ರಶ್ನೆಗಿಂತ ಮೊದಲೇ ರೂಪುಗೊಂಡಿರುತ್ತದೆ. ಪ್ರಶ್ನೆ ಅದನ್ನು ಹೊರಗೆ ತರುತ್ತದೆ ಅಷ್ಟೇ. ಪರಿಚಯ ಕಡಿಮೆಯಾದಷ್ಟೂ, ಹಣ ಮತ್ತು ಫಲದ ನಡುವಿನ ದಾರಿ ಉದ್ದವಾದಷ್ಟೂ, ಉತ್ತರದಲ್ಲಿ ಪ್ರಶ್ನೆಯ ಪಾಲು ಹೆಚ್ಚುತ್ತದೆ.

ಮೈಸೂರಿನಲ್ಲೂ ಹೀಗೆಯೇ ನೋಡಬಹುದು. ಕುಕ್ಕರಹಳ್ಳಿ ಕೆರೆಗೆ ಕೊಳಚೆ ನೀರು ಸೇರದಂತೆ ಮಾಡಲು ಎಷ್ಟು ಕೊಡುತ್ತೀರಿ ಎಂದು ದಿನಾ ಅಲ್ಲಿ ವಾಕಿಂಗ್ ಮಾಡುವವರನ್ನು ಕೇಳಿದರೆ ಬರುವ ಉತ್ತರಕ್ಕೆ ಬೇರು ಇದೆ. ವಾಸನೆ ಗೊತ್ತು, ಹಕ್ಕಿ ಕಡಿಮೆಯಾದದ್ದು ಗೊತ್ತು. ಕೊಡಗಿನ ಬ್ರಹ್ಮಗಿರಿ ಬೆಟ್ಟದ ಶೋಲಾ ಕಾಡಿನ (ಬೆಟ್ಟದ ಕಣಿವೆಗಳ ನಿತ್ಯಹಸಿರು ಕಾಡು) ಬಗ್ಗೆ ಅದೇ ಜನರನ್ನು ಕೇಳಿದರೆ ಉತ್ತರ ಅಲ್ಲೇ ಕಟ್ಟಿದ್ದಾಗಿರುತ್ತದೆ.

ಅರ್ಥಶಾಸ್ತ್ರಜ್ಞರ ಜಗಳ ಎಲ್ಲಿಗೆ ಬಂದಿದೆ

ಪೀಟರ್ ಡೈಮಂಡ್ ಮತ್ತು ಜೆರ್ರಿ ಹೌಸ್‌ಮನ್ 1994ರಲ್ಲಿ ಕೇಳಿದ ಪ್ರಶ್ನೆ ನೇರವಾಗಿತ್ತು. ಏನೂ ಅಂಕಿ ಇಲ್ಲದಿರುವುದಕ್ಕಿಂತ ಏನೋ ಒಂದು ಅಂಕಿ ಇರುವುದು ಮೇಲೇ? ಅಲ್ಲ ಎಂಬುದು ಅವರ ನಿಲುವು. ತಪ್ಪು ಅಂಕಿ ಕೋರ್ಟಿನಲ್ಲಿ, ಸರ್ಕಾರದಲ್ಲಿ ನಿಜವಾದ ಅಂಕಿಯ ಹಾಗೆ ಓಡಾಡುತ್ತದೆ. ಹೌಸ್‌ಮನ್ 2012ರಲ್ಲೂ ಮನಸ್ಸು ಬದಲಾಯಿಸಿರಲಿಲ್ಲ. ಮೈಕೆಲ್ ಹ್ಯಾನೆಮನ್ ಮತ್ತು ಅಲಾಸ್ಕಾ ಸರ್ವೆ ಮಾಡಿದ ಕಾರ್ಸನ್ ಇದನ್ನು ಒಪ್ಪುವುದಿಲ್ಲ. ಕೆಟ್ಟದಾಗಿ ಮಾಡಿದ ಸರ್ವೆಯಲ್ಲಿ ಕೆಟ್ಟ ಉತ್ತರ ಬರುತ್ತದೆ, ಅದು ವಿಧಾನದ ತಪ್ಪಲ್ಲ ಎನ್ನುತ್ತಾರೆ. ಚೆನ್ನಾಗಿ ಮಾಡಿದ ಹಲವು ಅಧ್ಯಯನಗಳಲ್ಲಿ ಕೆಲಸದ ಗಾತ್ರ ಏರಿದಂತೆ ಮೊತ್ತವೂ ಏರಿದೆ ಎಂದು ತೋರಿಸುತ್ತಾರೆ. 2010ರಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ಆದ ತೈಲ ಸೋರಿಕೆಯ ಹಾನಿಯನ್ನು ಇದೇ ವಿಧಾನದಿಂದ ಅಳೆದು 2017ರಲ್ಲಿ 1,720 ಕೋಟಿ ಡಾಲರ್ ಎಂದು ಪ್ರಕಟಿಸಿದರು. ಅಮರ್ತ್ಯ ಸೇನ್ 1995ರಲ್ಲಿ ಬೇರೆ ಕಡೆಯಿಂದ ಬಂದರು. ಕಾಡು ಉಳಿಸಲು ನಾನು ಕೊಡುವುದು, ಬೇರೆಯವರೂ ಕೊಡುತ್ತಾರಾ ಎಂಬುದರ ಮೇಲೆ ನಿಂತಿದೆ. ಅಂಗಡಿಯಲ್ಲಿ ಒಬ್ಬರೇ ಸಾಮಾನು ಕೊಂಡ ಹಾಗೆ ಇದನ್ನು ಕೇಳಿದರೆ ಪ್ರಶ್ನೆಯೇ ಹೊಂದುವುದಿಲ್ಲ ಎಂಬುದು ಅವರ ವಾದದ ಸಾರ.

ಬೆಲೆ ಕಟ್ಟುವುದೇ ಬೇಡ ಎಂದು ಬಿಟ್ಟರೆ ಏನಾಗುತ್ತದೆ ಎಂಬುದನ್ನೂ ನೋಡಬೇಕು. ರಸ್ತೆ, ಗಣಿ, ವಿದ್ಯುತ್ ಮಾರ್ಗಗಳ ಲೆಕ್ಕಪತ್ರದಲ್ಲಿ ಕಾಡಿನ ಎದುರು ಸೊನ್ನೆ ಬೀಳುತ್ತದೆ. ಸುಪ್ರೀಂ ಕೋರ್ಟ್ 2008ರಲ್ಲಿ ಬೇರೆ ಕೆಲಸಕ್ಕೆ ಕೊಡುವ ಕಾಡಿಗೆ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿವರೆಗೆ ದರ ಒಪ್ಪಿದ್ದು ಈ ಕಾರಣಕ್ಕೇ. ಆ ದರ ಕಡಿಮೆ ಎನ್ನುವವರಿದ್ದರು. ಆದರೆ ಅದೂ ಇಲ್ಲದಿದ್ದರೆ ಕಾಡು ಪುಕ್ಕಟೆ ಹೋಗುತ್ತಿತ್ತು.

ಮೈಸೂರಿನಲ್ಲಿ ಕೇಳುವುದಾದರೆ

ಸರ್ಕಾರ ಅಥವಾ ವಿಶ್ವವಿದ್ಯಾಲಯ ಹಸಿರು ಸೆಸ್ ಬಗ್ಗೆ ಜನರ ಒಲವು ತಿಳಿಯಲು ಹೊರಟರೆ ಅದನ್ನು ಅವಸರದಲ್ಲಿ ಮಾಡಬಾರದು. ಮನೆಗೆ ಹೋಗಬೇಕು, ಹಿಂದಿನ ತಿಂಗಳ ನೀರಿನ ಬಿಲ್ ಎದುರಿಗಿರಬೇಕು. ನಿಧಿಯನ್ನು ಯಾರು ನೋಡಿಕೊಳ್ಳುತ್ತಾರೆ, ಮೊದಲ ವರ್ಷ ಯಾವ ಕೆಲಸ ಆಗುತ್ತದೆ, ಲೆಕ್ಕ ಎಲ್ಲಿ ಸಿಗುತ್ತದೆ ಎಂದು ಹೇಳಬೇಕು. ಯೋಚಿಸಲು ಒಂದು ದಿನ ಬಿಡಬೇಕು. ಒಂದು ಗುಂಪಿಗೆ ನಾಗರಹೊಳೆ ಅಂಚಿನ ಕೆಲಸದ ಬಗ್ಗೆ ಮಾತ್ರ, ಇನ್ನೊಂದಕ್ಕೆ ಇಡೀ ಘಟ್ಟದ ಬಗ್ಗೆ ಕೇಳಿ ಉತ್ತರ ಬದಲಾಗುತ್ತದಾ ನೋಡಬೇಕು. ಬೇಡ ಎಂದವರ ಕಾರಣವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು. ಆ ಕಾರಣಗಳು ಸರಾಸರಿ ಮೊತ್ತಕ್ಕಿಂತ ಹೆಚ್ಚು ಬೆಲೆಯವು. ನಂಬಿಕೆ ಇಲ್ಲ ಎಂದವರೇ ಜಾಸ್ತಿ ಇದ್ದರೆ ಸರ್ಕಾರ ಸರಿಪಡಿಸಬೇಕಾದ್ದು ನಿಧಿಯ ನಿಯಮವನ್ನು. ಮೊತ್ತ ಇಳಿಸುವುದರಿಂದ ಅದು ಸರಿಹೋಗುವುದಿಲ್ಲ.

ಬಿಲ್ ಮೇಲೆ ಸೆಸ್ ಹಾಕಿದರೆ ಬಿಲ್ ಬರುವವರು ಮಾತ್ರ ಕೊಡುತ್ತಾರೆ ಎಂಬುದನ್ನೂ ಮರೆಯಬಾರದು. ಊರಾಚೆ ಲೇಔಟ್‌ಗಳಲ್ಲಿ ಬೋರ್‌ವೆಲ್, ಟ್ಯಾಂಕರ್ ನಂಬಿಕೊಂಡವರು ಅದರ ಹೊರಗೆ. ಅವರನ್ನು ಬಿಟ್ಟು ನಮ್ಮನ್ನೇ ಏಕೆ ಎಂಬ ಪ್ರಶ್ನೆ ನಗರದೊಳಗಿನವರ ಉತ್ತರವನ್ನು ಕೆಡಿಸುತ್ತದೆ. ಬೇರೆಯವರು ಕೊಡುತ್ತಾರಾ ಎಂಬ ಸೇನ್ ಅವರ ಮಾತು ಇಲ್ಲಿಗೇ ಬಂದು ನಿಲ್ಲುತ್ತದೆ.

ಕೊನೆಯದಾಗಿ ನದಿಯ ಮೇಲಿನ ಕಡೆ ಇರುವವರು. ಸೆಸ್ ಹಣದಿಂದ ಜಮೀನು ಕೊಳ್ಳುವ ಮಾತು ಪ್ರಸ್ತಾವದಲ್ಲೇ ಇದೆ. ಕೊಡಗಿನ, ಎಚ್‌.ಡಿ. ಕೋಟೆಯ ಕಾಡಂಚಿನ ರೈತರಿಗೆ ಕೇಳುವ ಪ್ರಶ್ನೆ ಬಿಟ್ಟುಕೊಡಲು ಎಷ್ಟು ಬೇಕು ಎಂಬುದು. ಮೈಸೂರಿನವರಿಗೆ ಕೇಳುವುದು ಎಷ್ಟು ಕೊಡುತ್ತೀರಿ ಎಂಬುದು. ವಿಸ್ಕಾನ್ಸಿನ್‌ನ ಬೇಟೆಗಾರರ ವಿಷಯದಲ್ಲಿ ಈ ಎರಡು ಉತ್ತರಗಳ ನಡುವೆ ಐದು ಪಟ್ಟು ವ್ಯತ್ಯಾಸ ಇತ್ತು. ಇಲ್ಲೂ ಎರಡು ಮೊತ್ತಗಳು ಸೇರುವುದಿಲ್ಲ. ನಡುವಿನ ಅಂತರವನ್ನು ಬಜೆಟ್‌ನಿಂದ ತುಂಬುತ್ತಾರಾ, ಕಾರ್ಖಾನೆಗಳಿಂದ ಪಡೆಯುತ್ತಾರಾ, ಇಲ್ಲ ರೈತರಿಗೆ ಕಡಿಮೆ ಕೊಡುತ್ತಾರಾ ಎಂಬುದನ್ನು ಸರ್ಕಾರ ಎರಡೂ ಕಡೆಯವರಿಗೆ ಮೊದಲೇ ಹೇಳಬೇಕು. ಅದು ಗೊತ್ತಿಲ್ಲದೆ ಮೈಸೂರಿನ ಮನೆಯವರು ಹೌದು ಎಂದರೂ ಬೇಡ ಎಂದರೂ, ಅವರು ಯಾವುದಕ್ಕೆ ಹಾಗೆಂದರು ಎಂದು ಸರ್ವೆ ಮಾಡಿದವರು ಹೇಳಲಾರರು.